ತುಂಬಿ ಬಂದ ಡಬ್ಬಿಗಳು

ಭೂಮಿಯ ಎಣ್ಣೆಬಾವಿಗಳನ್ನು ಒಂದೊಂದಾಗಿ ಮುಚ್ಚಿದಾಗ ಜಗತ್ತು ಹಬ್ಬ ಮಾಡಿತ್ತು. ಬಸ್ಸಿಗೆ ಬ್ಯಾಟರಿ, ಕಾರ್ಖಾನೆಗೆ ಬಿಸಿಲು, ರೈಲಿಗೆ ಗಾಳಿ, ಇನ್ನೇನು ಬೇಕು ಎಂದು ಮಂತ್ರಿಗಳು ಭಾಷಣ ಬಿಗಿದರು. ಒಂದು ಸಣ್ಣ ವಿಷಯ ಮಾತ್ರ ಯಾರ ತಲೆಗೂ ಹೊಳೆಯಲಿಲ್ಲ. ಯಂತ್ರ ಯಾವುದರಿಂದಲೇ ಓಡಲಿ, ಅದರ ಹಲ್ಲಿಗೆ ಹಲ್ಲು ತಿಕ್ಕುವ ಕಡೆ ನಾಲ್ಕು ಹನಿ ಎಣ್ಣೆ ಬೇಕೇ ಬೇಕು. ಸುಡುವ ಎಣ್ಣೆಗೆ ಬದಲಿ ಸಿಕ್ಕಿತು, ಜಾರಿಸುವ ಎಣ್ಣೆಗೆ ಸಿಗಲಿಲ್ಲ. ಪ್ರಯೋಗಶಾಲೆಯಲ್ಲಿ ಹುಟ್ಟಿಸಿದ ಎಣ್ಣೆ ವಿಮಾನಗಳಿಗೇ ಸಾಲದಾಯಿತು. ಕಾಳಿನ ಎಣ್ಣೆ ಹಾಕಿ ನೋಡಿದರು. ಸ್ವಲ್ಪ ದಿನ ಗೊಣಗದೆ ಓಡಿದ ಯಂತ್ರಗಳು ಆಮೇಲೆ ಅಂಟು ಕಟ್ಟಿಕೊಂಡು ಮೊಂಡು ಹಿಡಿದು ಕುಳಿತವು. ಕೊನೆಗೆ ಉಳಿದದ್ದು ಒಂದೇ ದಾರಿ, ಇದ್ದ ಎಣ್ಣೆಯನ್ನೇ ತೊಳೆದು ತೊಳೆದು ಮತ್ತೆ ಬಳಸುವುದು.

ಹುಬ್ಬಳ್ಳಿ ಸೀಮೆಗೆ ಆ ಕೆಲಸ ಮಾಡುತ್ತಿದ್ದದ್ದು ತಾರಿಹಾಳದ ಮರುಶುದ್ಧಿ ಘಟಕ. ಊರಿಗೆಲ್ಲ ಒಂದೇ ಎಣ್ಣೆ. ಈ ತಿಂಗಳು ಮೇಯರ್ ಸಾಹೇಬರ ಕಾರಿನಲ್ಲಿ ಸುತ್ತಿದ ಎಣ್ಣೆ ಮುಂದಿನ ತಿಂಗಳು ಯಾರದೋ ಹಿಟ್ಟಿನ ಗಿರಣಿಯಲ್ಲಿ ಸುತ್ತುತ್ತಿತ್ತು. ಶರಣರು ಹೇಳಿ ಹೇಳಿ ದಣಿದ ಸಮಾನತೆ ಎಣ್ಣೆಯಲ್ಲಾದರೂ ಬಂತಲ್ಲ ಎಂದು ಜನ ನಗುತ್ತಿದ್ದರು. ತಿಂಗಳಿಗೊಮ್ಮೆ ಗಾಡಿ ಓಣಿ ಓಣಿಗೂ ಬರುತ್ತಿತ್ತು. ಹೊಸ ಎಣ್ಣೆಯ ಡಬ್ಬಿ ಕೊಟ್ಟು, ಕಪ್ಪಾದ ಹಳೆ ಎಣ್ಣೆಯ ಡಬ್ಬಿ ಒಯ್ಯುತ್ತಿತ್ತು. ಯಾರಿಗೆ ಎಷ್ಟು ಎಂದು ಲೆಕ್ಕ ಹಾಕಲು, ಎಣ್ಣೆ ಕೆಟ್ಟರೆ ಯಂತ್ರಗಳನ್ನು ದೂರದಿಂದಲೇ ನಿಲ್ಲಿಸಲು ಬೆಳಗಾವಿಯ ಹಂಚಿಕೆ ಕೇಂದ್ರದಲ್ಲಿ ಒಂದು ಗಣಕವಿತ್ತು. ಕಣದ ನಡುವೆ ನೆಟ್ಟ ಕಂಬದ ಸುತ್ತ ಎತ್ತುಗಳು ತಿರುಗುವ ಹಾಗೆ ಸೀಮೆಯ ಯಂತ್ರಗಳೆಲ್ಲ ಅದರ ಸುತ್ತ ತಿರುಗುತ್ತಿದ್ದುದರಿಂದ ಅದಕ್ಕೆ 'ಮೇಟಿ' ಎಂದೇ ಹೆಸರಿಟ್ಟಿದ್ದರು.

ಆ ಆಷಾಢದ ಬೆಳಿಗ್ಗೆ ಘಟಕದ ನಿಯಂತ್ರಣ ಕೊಠಡಿಯಲ್ಲಿ ಪಾಳಿಯ ಮುಖ್ಯಸ್ಥೆ ಶಿವಗಂಗಾ ಚಹಾದ ಲೋಟ ಬಾಯಿಗಿಟ್ಟಿದ್ದಳಷ್ಟೇ. ಪಕ್ಕದ ಪರದೆಯ ಮುಂದಿದ್ದ ಆಪರೇಟರ್ ದಾದಾಪೀರ್ ಕುರ್ಚಿಯಿಂದ ಅರ್ಧ ಎದ್ದ.

"ಮೇಡಮ್ಮರ, ಬುಡದ ಪಂಪು ತಿಣಕಾಕತ್ತೈತ್ರಿ. ಕರೆಂಟ್ ಏರಾಕತ್ತೈತಿ, ಎಣ್ಣಿ ಮಾತ್ರ ಮುಂದ ಹೋಗವಲ್ದು."

ಶಿವಗಂಗಾ ಲೋಟ ಕೆಳಗಿಟ್ಟಳು. ಹಳೆ ಎಣ್ಣೆಯ ನೀರನ್ನು ಮೊದಲು ಕಾಯಿಸಿ ಹಾರಿಸುತ್ತಾರೆ. ಆಮೇಲೆ ಅದು ದೊಡ್ಡ ಭಟ್ಟಿಗೆ ಹೋಗುತ್ತದೆ. ಭಟ್ಟಿಯೊಳಗಿನ ಗಾಳಿಯನ್ನು ಹೀರಿ ತೆಗೆದಿರುತ್ತಾರೆ, ಹಾಗಾಗಿ ಎಣ್ಣೆ ಸುಟ್ಟು ಕರಕಾಗದೆ ಆವಿಯಾಗಿ ಏಳುತ್ತದೆ. ಕೊಳೆಯೆಲ್ಲ ಡಾಂಬರಾಗಿ ಬುಡದಲ್ಲಿ ಉಳಿಯುತ್ತದೆ. ಆ ಡಾಂಬರನ್ನು ಬುಡದ ಪಂಪು ಎಳೆದು ಹಾಕುತ್ತಲೇ ಇರಬೇಕು. ಅದು ನಿಂತರೆ ಭಟ್ಟಿ ತಳ ಹಿಡಿಯುತ್ತದೆ, ಎಲ್ಲಾದರೂ ಒಂದು ಬಿರುಕು ಬಿಟ್ಟು ಕಾದ ಎಣ್ಣೆಗೆ ಹೊರಗಿನ ಗಾಳಿ ತಗುಲಿದರೆ ತಾರಿಹಾಳಕ್ಕೆ ತಾರಿಹಾಳವೇ ಹೊತ್ತಿಕೊಳ್ಳುತ್ತದೆ.

"ಬೆಂಕಿ ತಗೀ. ಸಾರಜನಕ ಬಿಡು. ಗಾಳಿ ಒಂದ್ ಎಳಿನೂ ಒಳಗ ಹೋಗಬಾರ್ದು ನೋಡು, ದಾದಾ."

ದಾದಾಪೀರ್ ಗುಂಡಿಗಳನ್ನು ಒತ್ತಿದ. ಭಟ್ಟಿಯ ಕಾವು ತೋರಿಸುವ ಮುಳ್ಳು ಕೆಂಪು ಗೆರೆಯ ಹತ್ತಿರ ಹೋಗಿ, ಅಲ್ಲೇ ಯೋಚನೆ ಮಾಡುತ್ತ ನಿಂತು, ಕೊನೆಗೆ ಮನಸ್ಸು ಬದಲಿಸಿ ಕೆಳಗಿಳಿಯಿತು. ಆರಿದ ಮೇಲೆ ಪಂಪಿನ ಜಾಲರಿ ಬಿಚ್ಚಿ ನೋಡಿದರೆ ಅಲ್ಲಿ ಡಾಂಬರೇ ಇರಲಿಲ್ಲ. ಕಂದು ಬಣ್ಣದ, ದಪ್ಪ ತೊಗಲಿನಂಥ ಏನೋ ಜಾಲರಿಗೆ ಕಚ್ಚಿಕೊಂಡಿತ್ತು. ಎಳೆದರೆ ಜಗ್ಗುತ್ತಿತ್ತು, ಬಿಟ್ಟರೆ ವಾಪಸ್ ಹೋಗುತ್ತಿತ್ತು.

ಶಿವಗಂಗಾ ಅದರ ಚೂರೊಂದನ್ನು ಲ್ಯಾಬಿಗೆ ಒಯ್ದು ಗಾಜಿನ ನಳಿಕೆಯಲ್ಲಿ ಕಾಯಿಸಿದಳು. ಮೂಗಿಗೆ ಖಾರವಾಗಿ ಬಡಿದ ವಾಸನೆಗೆ ಕಣ್ಣಲ್ಲಿ ನೀರು ಬಂತು. ಅದು ಯಂತ್ರದ ವಾಸನೆಯಲ್ಲ. ಮಿರ್ಚಿ ಭಜಿ ಕರಿಯುವವರು ಕಡಾಯಿಯನ್ನು ಉರಿಯ ಮೇಲೆ ಮರೆತು ಹೋದಾಗ ಏಳುವ ವಾಸನೆ. ಕುಸುಬೆ ಎಣ್ಣೆ! ಅಡುಗೆಮನೆಯಲ್ಲಿ ಎಣ್ಣೆ ಗಿಂಡಿಯ ಮೈಗೆ ಜಿಗುಟು ಕಟ್ಟುತ್ತದಲ್ಲ, ಅದೇ ಜಿಗುಟು ಭಟ್ಟಿಯ ಕಾವಿನಲ್ಲಿ ಬೆಂದು ಬೆಂದು ತೊಗಲಾಗಿತ್ತು.

ಬುಡದಲ್ಲಿ ಇಷ್ಟು ಕುಳಿತಿದೆ ಎಂದರೆ ಮೇಲೆ ಆವಿಯ ಜೊತೆ ನೊರೆಯಾಗಿ ಎಷ್ಟು ಹಾರಿ ಹೋಗಿರಬೇಕು? ಅದನ್ನು ಹಿಡಿಯಬೇಕಾದದ್ದು ಕೊನೆಯ ಹಂತದ ಮಣ್ಣು. ಭಟ್ಟಿಯಿಂದ ಬಂದ ಎಣ್ಣೆಗೆ, ಹೆಂಗಸರು ಮುಖಕ್ಕೆ ಹಚ್ಚಿಕೊಳ್ಳುವ ಮುಲ್ತಾನಿ ಮಿಟ್ಟಿಯ ಜಾತಿಯ ಒಂದು ಮಣ್ಣನ್ನು ಬಿಸಿಬಿಸಿಯಾಗಿ ಕಲಸಿ ಸೋಸುತ್ತಾರೆ. ಉಳಿದ ಬಣ್ಣ, ಹುಳಿ, ಜಿಗುಟು ಎಲ್ಲವನ್ನೂ ಮಣ್ಣು ಹೀರಿಕೊಳ್ಳುತ್ತದೆ. ಆದರೆ ಮಣ್ಣಿನ ಹೊಟ್ಟೆಗೂ ಒಂದು ಮಿತಿಯಿದೆ. ಹಳೆ ಎಣ್ಣೆ ಹೆಚ್ಚು ಬರತೊಡಗಿದ ಮೇಲೂ ಮೇಟಿ ಮಣ್ಣಿನ ಪಾಲನ್ನು ಹೆಚ್ಚಿಸಿರಲಿಲ್ಲ. ಹಿಂದಿನ ವಾರ ಹೊರಗೆ ಹೋದ ಎಣ್ಣೆಯ ಮಾದರಿಯನ್ನು ಕಪಾಟಿನಿಂದ ತೆಗೆದು, ಹುಳಿ ಎಷ್ಟಿದೆ ಎಂದು ನೋಡಲು ಅವಳು ಕ್ಷಾರದ ಹನಿ ಬಿಡತೊಡಗಿದಳು. ಒಳ್ಳೆಯ ಎಣ್ಣೆಯಾದರೆ ಒಂದೆರಡು ಹನಿಗೇ ಗುಲಾಬಿ ಬಣ್ಣ ತಿರುಗಬೇಕು. ಹನಿ ಬೀಳುತ್ತಲೇ ಇತ್ತು, ಗುಲಾಬಿ ಬಣ್ಣ ಬರಲೇ ಇಲ್ಲ. ಮಣ್ಣು ಕೈಚೆಲ್ಲಿತ್ತು. ನೋಡಲು ಜೇನಿನ ಬಣ್ಣದಲ್ಲಿ ಹೊಳೆಯುತ್ತಿದ್ದ ಎಣ್ಣೆಯಲ್ಲಿ ಹುಳಿ ತುಂಬಿತ್ತು. ಬಿಸಿ ಕಬ್ಬಿಣವೂ ಗಾಳಿಯೂ ಸಿಕ್ಕರೆ ಅದು ಗೇರಿನೊಳಗೇ ಅಂಟಾಗಿ ಹೆಪ್ಪುಗಟ್ಟುವುದು ಖಂಡಿತ.

"ದಾದಾ, ಹೋದ ವಾರದ ಎಣ್ಣಿ ಎಲ್ಲೆಲ್ಲಿ ಹೋಗೇತಿ?"

ದಾದಾಪೀರ್ ಪರದೆ ನೋಡಿದ. "ಕಪ್ಪತಗುಡ್ಡಕ್ಕರಿ. ಗಾಳಿ ಕಂಬಗಳಿಗೆ." ಅಷ್ಟು ಹೇಳಿ ಅವನು ಅವಳ ಮುಖ ನೋಡಲಾರದೆ ಪರದೆಯನ್ನೇ ನೋಡುತ್ತ ಕುಳಿತ. ಶಿವಗಂಗಾಳ ಗಂಡ ಮೌನೇಶ ಕಪ್ಪತಗುಡ್ಡದಲ್ಲಿ ಗಾಳಿಯಿಂದ ಕರೆಂಟ್ ತೆಗೆಯುವ ಆ ಕಂಬಗಳ ಮೆಕ್ಯಾನಿಕ್ ಎಂಬುದು ಘಟಕದಲ್ಲಿ ಎಲ್ಲರಿಗೂ ಗೊತ್ತಿತ್ತು.

ಬೆಳಿಗ್ಗೆ ರೊಟ್ಟಿ ತಿನ್ನುತ್ತ ಅವನೇ ಹೇಳಿದ್ದ. "ಇವತ್ತು ದೊಡ್ಡ ಕಂಬಕ್ಕ ಹೊಸ ಎಣ್ಣಿ. ಬ್ರೇಕ್ ಬಿಚ್ಚಿದ ಮ್ಯಾಲೆ ಮಧ್ಯಾಹ್ನದ ಮಟ ಮ್ಯಾಲೆ ಗೇರಿನ ಮಗ್ಗಲಕ್ಕ ಕುಂತು ನೋಡ್ಬೇಕು." ಕಂಬದ ತುದಿಯಲ್ಲಿ, ರೆಕ್ಕೆಗಳ ಹಿಂದೆ, ಲಾರಿಯಷ್ಟು ದೊಡ್ಡ ಒಂದು ಪೆಟ್ಟಿಗೆ. ಅದರೊಳಗೆ ಗೇರು, ಗೇರಿನ ಪಕ್ಕದಲ್ಲಿ ಮನುಷ್ಯ. ಇಳಿಯಲು ಏಣಿ ಬಿಟ್ಟರೆ ಬೇರೆ ದಾರಿಯಿಲ್ಲ. ಆಷಾಢದ ಗಾಳಿಯಲ್ಲಿ ಗೇರು ಬಿಗಿದುಕೊಂಡರೆ ಕಾವೇರಿ ಬೆಂಕಿ ಹತ್ತುತ್ತದೆ. ಹೊಗೆ ಆ ಏಣಿಯ ದಾರಿಯಲ್ಲೇ ತುಂಬಿಕೊಳ್ಳುತ್ತದೆ.

ಅವಳು ಫೋನ್ ಹಚ್ಚಿದಳು. ರಿಂಗಾಯಿತು, ಯಾರೂ ಎತ್ತಲಿಲ್ಲ. ಮೇಲಿಂದ ಬಿದ್ದು ಒಡೆಯುತ್ತವೆಂದು ಕಂಬದವರು ಫೋನುಗಳನ್ನು ಕೆಳಗಿನ ಪೆಟ್ಟಿಗೆಯಲ್ಲಿಟ್ಟು ಹತ್ತುತ್ತಾರೆ. ಮೌನೇಶನ ಜೊತೆ ಹತ್ತಿದ ಜೊತೆಗಾರನ ಫೋನೂ ಅದೇ ಪೆಟ್ಟಿಗೆಯಲ್ಲಿತ್ತು, ಕೆಳಗೆ ಬೇರೆ ಯಾರೂ ಇರಲಿಲ್ಲ. ಇನ್ನು ಆ ಕಂಬವನ್ನು ನಿಲ್ಲಿಸುವ ಶಕ್ತಿಯಿದ್ದದ್ದು ಮೇಟಿಗೆ ಮಾತ್ರ. ಬೆಳಗಾವಿ ಕೇಂದ್ರದ ಅಧಿಕಾರಿ ಇಟಗಿ ಸಾಹೇಬರಿಗೆ ಫೋನ್ ಮಾಡಿದಳು.

ಇಟಗಿ ಕೆಟ್ಟ ಮನುಷ್ಯರಲ್ಲ, ಒಮ್ಮೆ ಕೈ ಸುಟ್ಟುಕೊಂಡ ಮನುಷ್ಯ. ಹಿಂದೊಮ್ಮೆ ಯಾರದೋ ಮಾತು ನಂಬಿ ಅವರು ಗಾಳಿ ಕಂಬಗಳನ್ನೆಲ್ಲ ನಿಲ್ಲಿಸಿದ್ದಕ್ಕೆ ಮೂರು ಜಿಲ್ಲೆಯ ಆಸ್ಪತ್ರೆಗಳು ಕತ್ತಲಾಗಿ, ಜನ ಸತ್ತಿದ್ದರು. ಆ ಮಾತು ಸುಳ್ಳೆಂದು ಆಮೇಲೆ ತಿಳಿಯಿತು. ಅಂದಿನಿಂದ ಮೇಟಿಗೆ ಹೊಸ ನಿಯಮ ಕಲಿಸಿದ್ದರು. ಏನು ಬೆರೆತಿದೆ, ಎಲ್ಲಿ ಬೆರೆಯಿತು, ಬೆರೆಸಿದವರು ಯಾರು ಎಂಬುದು ಗೊತ್ತಾಗಬೇಕು. ಬೆರೆಸಿದವರೇ ತಮ್ಮ ಬಾಯಿಂದ ಒಪ್ಪಿಕೊಳ್ಳಲೂಬೇಕು. ಇಲ್ಲದಿದ್ದರೆ ಅದು ಯಾವ ಯಂತ್ರವನ್ನೂ ನಿಲ್ಲಿಸುತ್ತಿರಲಿಲ್ಲ.

"ಹುಳಿ ಏರೇತಿ ಅನ್ನೂದು ಸಾಲೂದಿಲ್ಲ ಶಿವಗಂಗಾ ಅವರ. ಮೂಲ ತೋರಸ್ರಿ. ನನ್ನ ಕೈ ಕಟ್ಟೈತಿ. ಕಂಬದ ಕಾವು ಇನ್ನೂ ಸರಿಯಾಗೇ ಐತಿ ಅಂತ ತೋರಸಾಕತ್ತೈತಿ."

"ಅದು ಸರಿ ಇಲ್ಲ ಅಂತ ತೋರಿಸೂದ್ರಾಗ ಹೊತ್ತು ಮೀರಿರ್ತದರಿ!"

"ಮೂಲ ತೋರಸ್ರಿ," ಎಂದರು ಇಟಗಿ, ಬೇಡಿಕೊಳ್ಳುವವರ ಹಾಗೆ.

ಅವಳು ಓಣಿವಾರು ವಾಪಸಾತಿಯ ಅಂಕಿಗಳನ್ನು ಪರದೆಗೆ ತರಿಸಿದಳು. ಉಳಿದ ಓಣಿಗಳ ಡಬ್ಬಿಗಳೆಲ್ಲ ಅಷ್ಟಿಷ್ಟು ಕೊರತೆಯಾಗಿ ಬರುತ್ತಿದ್ದವು. ಹೊಸ ಗಿರಣಿ ಓಣಿಯ ಡಬ್ಬಿಗಳು ಮಾತ್ರ ಕಂಠಮಟ್ಟ ತುಂಬಿ ಬರುತ್ತಿದ್ದವು. ಯುಗಾದಿಯಲ್ಲಿ ಆ ಓಣಿಗೆ 'ಕೊರತೆಯಿಲ್ಲದ ಓಣಿ' ಎಂದು ಸನ್ಮಾನ ಮಾಡಿ, ಬ್ಯಾನರ್ ಕಟ್ಟಿ, ಪೆಂಡಾ ಹಂಚಿದ್ದರು. ವೇದಿಕೆಯ ಮೇಲೆ ಶಾಲು ಹೊದಿಸಿದ್ದು ಸ್ವತಃ ಶಿವಗಂಗಾ. ಹೊದಿಸಿಕೊಂಡವರು ಓಣಿಯ ಹಿರಿಯಳು, ಗಿರಣಿಯ ಒಡತಿ ಸಂಗವ್ವ, ಶಿವಗಂಗಾಳ ಅತ್ತೆ.

ಓಡುವ ಯಂತ್ರ ತನ್ನ ಎಣ್ಣೆಯಲ್ಲಿ ಒಂದಿಷ್ಟನ್ನು ತಿಂದೇ ತಿನ್ನುತ್ತದೆ, ಒಂದಿಷ್ಟು ಸೋರುತ್ತದೆ. ಕೊಟ್ಟಷ್ಟೂ ತಿರುಗಿ ಬರುವುದು ಸಾಧ್ಯವೇ ಇಲ್ಲ. ಇದು ಮೊದಲ ವರ್ಷದ ಹುಡುಗರಿಗೂ ಗೊತ್ತಿರುವ ಮಾತು. ಘಟಕದಲ್ಲಿ ಇಷ್ಟೊಂದು ಎಂಜಿನಿಯರುಗಳು, ಬೆಳಗಾವಿಯಲ್ಲಿ ಅಷ್ಟು ದೊಡ್ಡ ಗಣಕ, ಎಲ್ಲರೂ ಸೇರಿ ಚಪ್ಪಾಳೆ ತಟ್ಟಿದ್ದರೇ ಹೊರತು ಇದು ಹೇಗೆ ಎಂದು ಒಬ್ಬರೂ ಕೇಳಿರಲಿಲ್ಲ. ತನಗೂ ಹೊಳೆಯಲಿಲ್ಲವಲ್ಲ ಎಂದು ಅವಳಿಗೆ ಮೈಯೆಲ್ಲ ನಾಚಿಕೆಯಾಯಿತು. ಕಂಬದ ಅಂಕಿಗಳು ಫೋನಿನಲ್ಲಿ ಕಾಣುವಂತೆ ಮಾಡಿಕೊಂಡು, ಸ್ಕೂಟರ್ ಹತ್ತಿ ಹೊರಟಳು. ಓಣಿ ಘಟಕದ ಬೆನ್ನಿಗೇ ಇತ್ತು, ಆದರೂ ದಾರಿ ಮುಗಿಯುವಂತೆ ಕಾಣಲಿಲ್ಲ.

ಮನೆಯ ಪಡಸಾಲೆಯಲ್ಲಿ ಗಿರಣಿ ಗುರ್ ಎನ್ನುತ್ತಿತ್ತು. ಗಾಡಿ ಬರುವ ದಿನ ಹತ್ತಿರವಾದ್ದರಿಂದ ಅಡುಗೆಮನೆಯಲ್ಲಿ ಸಂಗವ್ವ ಕಪ್ಪು ಎಣ್ಣೆಯ ಡಬ್ಬಿಯನ್ನು ಚೊಕ್ಕ ಒರೆಸಿ ಮುಂದಿಟ್ಟುಕೊಂಡು ಕುಳಿತಿದ್ದಳು. ಕೈಯಲ್ಲಿ ಕುಸುಬೆ ಎಣ್ಣೆಯ ಗಿಂಡಿಯಿತ್ತು. ಎಣ್ಣೆ ಸಣ್ಣ ಧಾರೆಯಾಗಿ ಡಬ್ಬಿಯೊಳಗೆ ಇಳಿಯುತ್ತಿತ್ತು.

"ಅತ್ತೀ! ಏನ್ ಮಾಡಾಕತ್ತೀರಿ?"

ಸಂಗವ್ವ ಬೆಚ್ಚಲಿಲ್ಲ. ಕಳ್ಳತನ ಮಾಡುವವರು ಬೆಚ್ಚುತ್ತಾರೆ. "ಡಬ್ಬಿ ನಾಕ ಬೆರಳ ಕೊರತಿ ಆಗಿತ್ತವಾ. ತುಂಬಸಾಕತ್ತೀನಿ."

"ಯಾವಾಗಿಂದ?"

"ಮೊದಲಿಂದಾನೂ. ತುಂಬಿದ್ದು ಇಸಗೊಂಡು ಕೊರತೀದು ತಿರುಗಿ ಕೊಡ್ತಾರೇನು? ನೆರಮನಿಯವರ ಬಟ್ಟಲಾ ಬರಿಗೈಲೆ ಕೊಡೂದಿಲ್ಲ ನಾವು, ಒಂದ್ ಚಿಟಿಕಿ ಸಕ್ರಿನಾರ ಹಾಕಿ ಕೊಡ್ತೀವಿ. ಸರಕಾರದ್ದಾದ್ರ ಮರ್ಯಾದಿ ಬ್ಯಾಡೇನು? ಓಣಿ ಹೆಣಮಕ್ಕಳಿಗೆಲ್ಲಾ ನಾನೇ ಹೇಳೀನಿ."

"ಕಲಬೆರಕಿ ಮಾಡಿದ್ರ ಜೈಲು ಅಂತ ಗಾಡಿಯವರು ಒದರಿಲ್ಲೇನ್ರಿ?"

ಸಂಗವ್ವನಿಗೆ ಸಿಟ್ಟೇ ಬಂತು. "ಕಲಬೆರಕಿ ಅಂದ್ರ ನೀರು ರಾಡಿ ಕೂಡಸೂದು. ನಾ ಹಾಕೂದು ಗಾಣದ ಎಣ್ಣಿ, ನಿನ್ನ ಗಂಡಗ ರೊಟ್ಟಿ ಮ್ಯಾಲೆ ಹಾಕೂದು ಇದನ್ನ!"

ಗಾಡಿಯವರು ಡಬ್ಬಿಯೊಳಗೆ ಅದ್ದುವ ಕಡ್ಡಿಗೆ ನೀರು, ಮರಳು ಮಾತ್ರ ತಿಳಿಯುತ್ತಿತ್ತು. ಗಾಣದ ಶುದ್ಧ ಎಣ್ಣೆಯನ್ನು ಅದು ಆನಂದದಿಂದ ಒಳಗೆ ಬಿಟ್ಟುಕೊಂಡಿತ್ತು. ಶಿವಗಂಗಾ ನೆಲದ ಮೇಲೆ ಅತ್ತೆಯ ಎದುರು ಕುಳಿತಳು. ಹೇಗೆ ಹೇಳಲಿ ಎಂದು ತಿಣುಕುವಷ್ಟು ಹೊತ್ತಿರಲಿಲ್ಲ. ಆ ಎಣ್ಣೆ ಕಾದರೆ ಏನಾಗುತ್ತದೆ, ಅದು ಈಗ ಎಲ್ಲಿ ಕಾಯುತ್ತಿದೆ, ಅದರ ಪಕ್ಕ ಯಾರು ಕುಳಿತಿದ್ದಾರೆ ಎಂದು ಮೂರು ಮಾತಿನಲ್ಲಿ ಹೇಳಿದಳು.

ಸಂಗವ್ವ ಗಿಂಡಿ ಕೆಳಗಿಟ್ಟಳು.

ಫೋನಿನಲ್ಲಿ ಕಂಬದ ಅಂಕಿಗಳು ಅಲುಗಾಡತೊಡಗಿದ್ದವು. ಎಣ್ಣೆಯ ಒತ್ತಡ ಇಳಿಯುತ್ತಿತ್ತು. ಗೇರಿನ ಎಣ್ಣೆ ಸೋಸುವ ಜಾಲರಿಗೆ ಅಂಟು ಕೂರತೊಡಗಿದೆ ಎಂದು ಶಿವಗಂಗಾಳಿಗೆ ತಕ್ಷಣ ತಿಳಿಯಿತು. ಒತ್ತಡ ಇಳಿದ ಬೆನ್ನಿಗೇ ಕಾವು ಏರುತ್ತದೆ. ಅವಳು ಇಟಗಿಗೆ ಫೋನ್ ಹಚ್ಚಿದಳು. ಹಚ್ಚುತ್ತಿದ್ದಂತೆಯೇ ತಾನು ಏನು ಹೇಳಬೇಕೆಂದು ನಿಶ್ಚಯ ಮಾಡಿಕೊಂಡಳು. ಅತ್ತೆಯನ್ನು ಈ ವಯಸ್ಸಿನಲ್ಲಿ ಜೈಲಿಗೆ ಕಳಿಸುವುದು ಅವಳಿಂದ ಆಗದ ಮಾತಾಗಿತ್ತು.

"ಸರ್, ಮೂಲ ಸಿಕ್ಕೈತಿ. ಕುಸುಬಿ ಎಣ್ಣಿ. ಹೊಸ ಗಿರಣಿ ಓಣಿ. ಬೆರೆಸಿದವಳು ನಾನೇ. ನಮ್ಮ ಮನಿ ಡಬ್ಬಿಯೊಳಗ ನಾನೇ ಹಾಕೀನಿ."

ಆ ಕಡೆಯಿಂದ ಇಟಗಿಯವರ ದನಿ ಬಂತು. "ಮೇಟಿ ಒಪ್ಪವಲ್ದು. ಒಂದ್ ಮನಿ ಎಣ್ಣಿಯಿಂದ ಭಟ್ಟಿ ಕಟ್ಟಿಕೊಳ್ಳಂಗಿಲ್ಲ ಅಂತ ಲೆಕ್ಕ ತೋರಸಾಕತ್ತೈತಿ. ಎಷ್ಟು ಮನಿ? ಎಷ್ಟು ಹಾಕ್ತಿದ್ರಿ? ಯಾವಾಗಿಂದ?"

"ಅದು... ಸುಮಾರು..." ಶಿವಗಂಗಾ ತಡವರಿಸಿದಳು. ಎಣ್ಣೆಯ ರಸಾಯನವೆಲ್ಲ ಗೊತ್ತಿದ್ದ ಅವಳಿಗೆ ಸುಳ್ಳು ಹೇಳುವುದು ಮಾತ್ರ ಬರುತ್ತಿರಲಿಲ್ಲ.

ಸಂಗವ್ವ ಕೈ ಚಾಚಿ ಫೋನ್ ಕಸಿದುಕೊಂಡಳು.

"ಸಾಹೇಬ್ರ, ನಾನು ಸಂಗವ್ವ. ಆಕಿ ಸುಳ್ಳು ಹೇಳಾಕತ್ತಾಳ, ಆಕಿ ಮಾತು ಬಿಡ್ರಿ. ಹಾಕಿದಾಕಿ ನಾನು. ಗಾಡಿ ಬರಾಕ ಹತ್ತಿದಾಗಿಂದ ಪ್ರತಿ ತಿಂಗಳು ನಾಕ ಬೆರಳ, ಒಮ್ಮೊಮ್ಮಿ ಐದು. ಓಣಿಯೊಳಗಿನ ಎಲ್ಲಾ ಮನಿಯವರೂ ಹಾಕ್ತಾರ. ಹಾಕ್ರಿ ಅಂತ ಹೇಳಿದಾಕಿ ನಾನು, ತಪ್ಪು ನಂದು. ಅವರ ಹೆಸರು ಕೇಳಬ್ಯಾಡ್ರಿ."

"ಅಮ್ಮಾ, ಇದಕ್ಕ ಶಿಕ್ಷಾ ಐತಿ. ಗಿರಣಿಗೆ ಸೀಲ್ ಬೀಳ್ತೈತಿ. ತಿಳದು ಹೇಳಾಕತ್ತೀರೇನು?"

"ನನ್ನ ಮಗ ಮ್ಯಾಲೆ ಕುಂತಾನೋ ಯಪ್ಪಾ!" ಸಂಗವ್ವ ಕಿರುಚಿದಳು. "ಗಿರಣಿಗೆ ಸೀಲ್ ಹಾಕು, ನನ್ನ ಒಯ್ಯಿ, ಏನರೆ ಮಾಡು! ಮೊದ್ಲ ಅದನ್ನ ನಿಂದರಸು!"

"ಹೆಬ್ಬೆಟ್ಟು ಒತ್ರಿ," ಎಂದರು ಇಟಗಿ.

ಎಣ್ಣೆಯ ಬೆರಳು ಫೋನಿನ ಗಾಜಿನ ಮೇಲೆ ಜಾರಿತು. ಗುರುತು ಹಿಡಿಯಲಿಲ್ಲ. ಸಂಗವ್ವ ಸೆರಗಿಗೆ ಬೆರಳು ಉಜ್ಜಿ ಮತ್ತೆ ಒತ್ತಿದಳು. ಆಗಲೂ ಹಿಡಿಯಲಿಲ್ಲ. ಶಿವಗಂಗಾ ಒಲೆಯ ಪಕ್ಕದ ಬೂದಿ ತಂದು ಅತ್ತೆಯ ಹೆಬ್ಬೆರಳಿಗೆ ತಿಕ್ಕಿ, ತೊಳೆದು, ತನ್ನ ಎರಡೂ ಕೈಯಿಂದ ಹಿಡಿದು ಗಾಜಿನ ಮೇಲೆ ಒತ್ತಿದಳು. ಈ ಸಲ ಗುರುತು ಹಿಡಿಯಿತು. ಕಂಬದ ಕಾವಿನ ಅಂಕಿ ಹಳದಿಯಿಂದ ಕೆಂಪಾಯಿತು. ಮೇಟಿ ತನ್ನ ಪಾಡಿಗೆ ಲೆಕ್ಕ ಹಾಕುತ್ತಿತ್ತು, ಡಬ್ಬಿಗಳು, ಬೆರಳುಗಳು, ತಿಂಗಳುಗಳು. ಇವರಿಬ್ಬರ ಎದೆ ಹೊಡೆದುಕೊಳ್ಳುವುದು ಅದಕ್ಕೆ ತಿಳಿಯುವಂತಿರಲಿಲ್ಲ.

ಇದ್ದಕ್ಕಿದ್ದಂತೆ ಪಡಸಾಲೆಯ ಗಿರಣಿ ನಿಂತಿತು. ಫ್ಯಾನ್ ನಿಂತಿತು. ಓಣಿಯ ಆಚೆ ಈಚೆ ಮನೆಗಳಿಂದ "ಕರೆಂಟ್ ಹೋತಲ್ಲೇ!" ಎಂಬ ಕೂಗು ಎದ್ದಿತು. ಶಿವಗಂಗಾಳಿಗೆ ಅಷ್ಟು ಇಂಪಾದ ಕೂಗನ್ನು ಕೇಳಿದ ನೆನಪಿರಲಿಲ್ಲ. ಕಪ್ಪತಗುಡ್ಡದ ಕಂಬಗಳೆಲ್ಲ ರೆಕ್ಕೆಗಳನ್ನು ಗಾಳಿಗೆ ಮಗ್ಗುಲಾಗಿಸಿ ನಿಂತುಬಿಟ್ಟಿದ್ದವು. ಆದರೆ ಕಾವಿನ ಅಂಕಿ ಇನ್ನೂ ಕೆಂಪಗೇ ಇತ್ತು. ಒಳಗೆ ಕಿಡಿ ಹತ್ತಿತೋ ಇಲ್ಲವೋ, ಅವರು ಏಣಿ ಇಳಿದರೋ ಇಲ್ಲವೋ, ಅಂಕಿ ಅದನ್ನು ಹೇಳುವುದಿಲ್ಲ. ಅತ್ತೆ ಸೊಸೆ ಅಡುಗೆಮನೆಯ ನೆಲದ ಮೇಲೆ ಒಬ್ಬರ ಕೈ ಒಬ್ಬರು ಹಿಡಿದು ಕುಳಿತರು.

ಮೊದಲು ಬಂದದ್ದು ಫೋನಲ್ಲ, ಜೀಪು. ಮೇಟಿ ನಿಲ್ಲಿಸುವ ಆಜ್ಞೆಯ ಜೊತೆಗೇ ಸ್ಟೇಷನ್ನಿಗೂ ಸುದ್ದಿ ಮುಟ್ಟಿಸಿತ್ತು. ಬಂದ ಮಹಿಳಾ ಪೊಲೀಸರಲ್ಲಿ ಒಬ್ಬಳು ಗಿರಣಿಗೆ ಅರಗು ಹಾಕಿದಳು, ಇನ್ನೊಬ್ಬಳು ತಲೆ ತಗ್ಗಿಸಿ ಸಂಗವ್ವನ ಮುಂದೆ ನಿಂತಳು. ಅವಳು ಇದೇ ಗಿರಣಿಯಲ್ಲಿ ಜೋಳ ಬೀಸಿಸಿಕೊಂಡು ಹೋಗುವವಳು.

"ಮಗಂದು ಸುದ್ದಿ ಬರೂತನಕ ನಿಂದ್ರವಾ," ಎಂದಳು ಸಂಗವ್ವ. ಪೊಲೀಸ್ ಹೆಂಗಸು ನಿಂತಳು. ಓಣಿಯ ಹೆಂಗಸರು ಬಾಗಿಲುಗಳಲ್ಲಿ ನಿಂತು ನೋಡುತ್ತಿದ್ದರು. ಕೊನೆಗೆ ಸ್ಟೇಷನ್ನಿನ ಸಾಹೇಬರಿಂದ ಕರೆ ಬಂದು ಇನ್ನು ತಡಮಾಡುವಂತಿಲ್ಲ ಎಂದಾಗ ಸಂಗವ್ವ ತಾನಾಗಿಯೇ ಎದ್ದು ಜೀಪಿನ ಕಡೆ ನಡೆದಳು.

ಒಂದು ಕಾಲು ಜೀಪಿನ ಮೆಟ್ಟಿಲ ಮೇಲಿಟ್ಟಾಗ ಶಿವಗಂಗಾಳ ಫೋನ್ ಹೊಡೆದುಕೊಂಡಿತು. ಅವಳು ಸ್ಪೀಕರ್ ಹಾಕಿದಳು.

"ಗಂಗಾ!" ಮೌನೇಶನ ದನಿ ಏದುಸಿರು ಬಿಡುತ್ತಿತ್ತು. "ಬದುಕಿದ್ವಿ ನೋಡ ಮಾರಾಯ್ತಿ. ಹೊಗಿ ಹತ್ತಿತ್ತು, ರೆಕ್ಕಿ ನಿಂತದ್ದಕ್ಕ ಇಳಿದು ಬಂದ್ವಿ. ಇನ್ನೊಂದೀಟು ತಡ ಆಗಿದ್ರ ಮುಗಿದಿತ್ತು ನಮ್ಮ ಕಥಿ."

ಸಂಗವ್ವ ಜೀಪಿನ ಬಾಗಿಲು ಹಿಡಿದುಕೊಂಡು ಕಣ್ಣು ಮುಚ್ಚಿದಳು.

"ಎಣ್ಣಿಯೊಳಗ ಏನೋ ಬೆರೆಸ್ಯಾರಂತಲ್ಲ? ಯಾರಂವ? ಹೆಸರು ಸಿಕ್ತೇನು? ಅಂಥವರನ್ನ ಬಿಡಬಾರ್ದು ಗಂಗಾ, ಚಾವಡಿ ಕಂಬಕ್ಕ ಕಟ್ಟಿ ಹೊಡೀಬೇಕು."

ಶಿವಗಂಗಾ ಅತ್ತೆಯನ್ನು ನೋಡಿದಳು. ಸಂಗವ್ವ ಏನೂ ಹೇಳಬೇಡ ಎಂಬಂತೆ ತಲೆಯಾಡಿಸಿ, ಬೆರಳುಗಳನ್ನು ಬಾಯಿಯ ಹತ್ತಿರ ಒಯ್ದು ತೋರಿಸಿದಳು. ಸೊಸೆಗೆ ಅರ್ಥವಾಯಿತು.

"ರೀ, ಬುತ್ತಿ ಉಂಡ್ರೇನು?"

"ಎಲ್ಲಿ ಊಟ! ಈಗಷ್ಟ ಕೆಳಗ ಇಳದೀವಿ."

"ಮೊದ್ಲ ಉಣ್ರಿ. ಉಂಡು ಫೋನ್ ಮಾಡ್ರಿ, ಎಲ್ಲಾ ಹೇಳ್ತೀನಿ."

"ಅವ್ವ ಎಲ್ಲದಾಳ? ಅವ್ವನ ಕೈಯಾಗ ಕೊಡು."

ಶಿವಗಂಗಾ ಫೋನನ್ನು ಜೀಪಿನ ಕಡೆ ಚಾಚಿದಳು. ಸಂಗವ್ವ ಬೇಡವೆಂದು ಹಿಂದೆ ಸರಿದಳು, ಆಮೇಲೆ ತಡೆಯಲಾರದೆ ಬಗ್ಗಿ ಅದರ ಹತ್ತಿರ ಬಾಯಿ ತಂದಳು.

"ಉಣ್ಣೋ ನನ್ನಪ್ಪಾ. ನಾ ಒಂದೀಟು ಹೊರಗ ಹೊಂಟೀನಿ," ಎಂದಳು. ಸೆರಗು ಸರಿ ಮಾಡಿಕೊಂಡು ಜೀಪಿನೊಳಗೆ ಹೋಗಿ ಕುಳಿತಳು.